ತಕ್ಕಡಿ ಸರ್ ತಟ್ಟೆ ಬದಲಿಸಲಿಲ್ಲ

ಲ್ಯಾಬಿನಲ್ಲಿ ತಕ್ಕಡಿ ಸರ್ ಯಾರೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಅವರ ನಿಜ ಹೆಸರು ಸಂಬಳದ ಚೀಟಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿಲ್ಲ. ವಯಸ್ಸು ಐವತ್ತನಾಲ್ಕು, ಸಣಕಲು ಮೈ, ಎದೆಯ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ. ಆ ಭೂತಗನ್ನಡಿ ಹಿಡಿದು ನೋಡುವಂಥದ್ದು ಈಗಿನ ಕೆಲಸದಲ್ಲಿ ಏನೂ ಇಲ್ಲ. ಅವರು ಪರೀಕ್ಷೆ ಮಾಡುವುದು ಕಂಪ್ಯೂಟರಿನ ಭಾಷಾ ಮಾದರಿಯನ್ನು. ಅಂದರೆ ಕೇಳಿದ್ದಕ್ಕೆಲ್ಲ ಮಾತಿನಲ್ಲಿ ಉತ್ತರ ಕೊಡುವ, ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಗತ್ತಿನಲ್ಲೇ ಒಂದನ್ನು ಕಟ್ಟಿ ಹೇಳಿಬಿಡುವ ಯಂತ್ರವನ್ನು. ಭೂತಗನ್ನಡಿ ಹಳೆಯ ಕೆಲಸದ್ದು, ಬಿಡಲು ಮನಸ್ಸು ಬಂದಿಲ್ಲ.

ಹಳೆಯ ಕೆಲಸ ಎಂದರೆ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರಿಕೆ. ಹನ್ನೆರಡು ವರ್ಷ ಅಂಗಡಿ ಅಂಗಡಿ ಅಲೆದು ತಕ್ಕಡಿಗಳಿಗೆ ಮುದ್ರೆ ಒತ್ತಿದವರು ಅವರು. ತಟ್ಟೆಯ ತಳಕ್ಕೆ ಮೇಣ ಅಂಟಿಸಿದವರು, ತೂಕದ ಕಲ್ಲಿನ ಹೊಟ್ಟೆ ಕೊರೆದವರು, ಮಾತಾಡುತ್ತ ಮಾತಾಡುತ್ತ ಕಿರುಬೆರಳಿನಲ್ಲಿ ತಟ್ಟೆ ಒತ್ತುವವರು, ಎಲ್ಲ ಬಗೆಯ ಮಹಾನುಭಾವರನ್ನೂ ಹಿಡಿದಿದ್ದರು. ಅವರ ಬಳಿ ಇದ್ದದ್ದು ಒಂದೇ ಒಂದು ಉಪಾಯ. ಎಡತಟ್ಟೆಯಲ್ಲಿ ಕಲ್ಲು, ಬಲತಟ್ಟೆಯಲ್ಲಿ ಸಾಮಾನು ಇಟ್ಟು ಒಮ್ಮೆ ತೂಗುವುದು. ಆಮೇಲೆ ಅದಲುಬದಲು ಮಾಡಿ ಇನ್ನೊಮ್ಮೆ ತೂಗುವುದು. ಸಾಚಾ ತಕ್ಕಡಿಯಾದರೆ ಎರಡು ಸಲವೂ ಒಂದೇ ಮಾತು ಹೇಳುತ್ತದೆ, ಕಳ್ಳ ತಕ್ಕಡಿಯಾದರೆ ಎರಡನೆಯ ಸಲ ಬಾಯಿಬಿಡುತ್ತದೆ. ‘ತಟ್ಟೆ ಬದಲಿಸದೆ ಯಾರನ್ನೂ ನಂಬಬೇಡಿ’ ಎಂದು ಲ್ಯಾಬಿಗೆ ಬಂದ ಮೇಲೂ ಚಹಾದ ಹೊತ್ತಿನಲ್ಲಿ ಹೇಳಿ ಹೇಳಿ ಎಲ್ಲರ ಕಿವಿ ತೂತು ಮಾಡಿದ್ದರು.

ಅವರು ಆಗಾಗ ಹೇಳುವ ಕಥೆ ಇನ್ನೊಂದಿತ್ತು. ಒಬ್ಬ ಬೇಳೆ ವ್ಯಾಪಾರಿ ಸಿಕ್ಕಿಬಿದ್ದಾಗ, ‘ಮೇಣ ಅಂಟಿಸಿದ್ದು ನಾನಲ್ಲ ಸ್ವಾಮಿ, ನನ್ನ ತಮ್ಮ’ ಎಂದು ಪಕ್ಕದಲ್ಲೇ ನಿಂತಿದ್ದ ತಮ್ಮನನ್ನು ತೋರಿಸಿದನಂತೆ. ತಮ್ಮ ತಲೆ ತಗ್ಗಿಸಿದನಂತೆ. ‘ಮೋಸ ಮಾಡಿದ್ದನ್ನ ಬೇಕಾದ್ರೆ ಕ್ಷಮಿಸಬಹುದಿತ್ತು, ಒಡಹುಟ್ಟಿದವನ ಕಡೆ ಕೈ ತೋರಿಸಿದ್ನಲ್ಲ, ಆ ಕೈ ಕತ್ತರಿಸಬೇಕು ಅನ್ನಿಸ್ತು’ ಎನ್ನುವಾಗ ಸರ್ ಅವರ ಮೂಗಿನ ಹೊಳ್ಳೆ ಅರಳುತ್ತಿತ್ತು. ಈ ಕಥೆ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಕರೆಂಟಿನ ತಕ್ಕಡಿಗಳು ಬಂದು ಇಲಾಖೆಯ ಕೆಲಸ ಕಡಿಮೆಯಾದಾಗ ಸಂಜೆ ತರಗತಿಗೆ ಹೋಗಿ ಕಂಪ್ಯೂಟರ್ ಕಲಿತರು. ಕೊನೆಗೆ ಈ ಲ್ಯಾಬಿಗೆ ಪರೀಕ್ಷಕರಾಗಿ ಸೇರಿದರು. ಅವರನ್ನು ಆರಿಸಿದ್ದು ಲ್ಯಾಬಿನ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ದೊಡ್ಡ ಮೇಡಂ. ‘ನಮ್ಮಲ್ಲಿ ಬುದ್ಧಿವಂತರು ಬೇಕಾದಷ್ಟಿದ್ದಾರೆ. ಅನುಮಾನ ಪಡೋರು ಒಬ್ಬರು ಬೇಕಿತ್ತು’ ಎಂದಿದ್ದರು ಆಕೆ. ಆ ಮಾತನ್ನು ಸರ್ ಹತ್ತು ವರ್ಷ ಪದಕದ ಹಾಗೆ ಎದೆಗೆ ಚುಚ್ಚಿಕೊಂಡೇ ಓಡಾಡಿದರು.

ಹಾಗೆ ಅನುಮಾನ ಪಡುತ್ತ ಪಡುತ್ತಲೇ ಅವರು ಒಂದು ಸಿದ್ಧಾಂತ ಮಾಡಿಬಿಟ್ಟರು. ಭಾಷಾ ಮಾದರಿಯ ಒಳಗೆ ಲೆಕ್ಕವಿಲ್ಲದಷ್ಟು ಅಂಕಿಗಳು ಓಡಾಡುತ್ತಿರುತ್ತವೆ. ಉತ್ತರ ಹೊರಬೀಳುವ ಮುಂಚಿನ ಕ್ಷಣದಲ್ಲಿ ಆ ಅಂಕಿಗಳನ್ನು ಹಿಡಿದು ನಿಲ್ಲಿಸಿ ನೋಡಿದರೆ ಒಂದು ವಾಲಾಟ ಕಾಣುತ್ತದೆ. ಗೊತ್ತಿರುವ ಪ್ರಶ್ನೆಗೆ ಒಂದು ಕಡೆ, ಗೊತ್ತಿಲ್ಲದ ಪ್ರಶ್ನೆಗೆ ಇನ್ನೊಂದು ಕಡೆ. ಸರ್ ಅದಕ್ಕೆ ‘ಮುಳ್ಳು’ ಎಂದು ಹೆಸರಿಟ್ಟರು, ತಕ್ಕಡಿಯ ಮುಳ್ಳಿನ ಲೆಕ್ಕದಲ್ಲಿ. ಸಿದ್ಧಾಂತ ಇಷ್ಟೇ: ತನಗೆ ಗೊತ್ತಿಲ್ಲ ಎನ್ನುವುದು ಯಂತ್ರಕ್ಕೆ ಒಳಗೊಳಗೇ ಗೊತ್ತಿರುತ್ತದೆ, ಬಾಯಿ ಮಾತ್ರ ಸುಳ್ಳು ಹೇಳುತ್ತದೆ. ನೂರಕ್ಕೆ ತೊಂಬತ್ತೊಂದು ಸಲ ಮುಳ್ಳು ಸರಿಯಾದ ಕಡೆಗೇ ವಾಲಿತು. ಲೇಖನ ಅಚ್ಚಾಯಿತು, ಬೇರೆ ಬೇರೆ ಲ್ಯಾಬಿನವರು ಪತ್ರ ಬರೆದರು, ತಕ್ಕಡಿ ಇನ್‌ಸ್ಪೆಕ್ಟರಾಗಿದ್ದ ಮನುಷ್ಯ ರಾತ್ರೋರಾತ್ರಿ ವಿಜ್ಞಾನಿ ಎನ್ನಿಸಿಕೊಂಡರು.

ಆ ಪರೀಕ್ಷೆಗೆ ಎಂಟುನೂರು ಪ್ರಶ್ನೆ ಬೇಕಿತ್ತು. ಯಂತ್ರಕ್ಕೆ ಗೊತ್ತಿರುವ ಸಂಗತಿಗಳ ನಾನೂರು ಪ್ರಶ್ನೆಗಳನ್ನು ಸರ್ ಬರೆದರು. ಯಂತ್ರಕ್ಕೆ ಗೊತ್ತಿರಲು ಸಾಧ್ಯವೇ ಇಲ್ಲದ, ಅಂದರೆ ಲೋಕದಲ್ಲೇ ಇಲ್ಲದ ನದಿ, ಊರು, ರಾಜ, ಪರ್ವತಗಳ ನಾನೂರು ಪ್ರಶ್ನೆಗಳನ್ನು ಅವರ ಅಕ್ಕ ಬರೆದುಕೊಟ್ಟರು.

ಅಕ್ಕ ತಮ್ಮನಿಗಿಂತ ಒಂಬತ್ತು ವರ್ಷ ದೊಡ್ಡವರು, ಮೂವತ್ತು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದವರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದರು. ತಮ್ಮ ಮದುವೆಯ ಗೋಜಿಗೆ ಹೋದವರಲ್ಲ, ಆದ್ದರಿಂದ ಎರಡು ಕೋಣೆಯ ಆ ಮನೆಯಲ್ಲಿ ಬೈಯುವವರೂ ಬೈಸಿಕೊಳ್ಳುವವರೂ ಒಬ್ಬೊಬ್ಬರೇ. ತಮ್ಮ ಪ್ರಶ್ನೆ ಬರೆದುಕೊಡು ಎಂದಾಗ ಅಕ್ಕನಿಗೆ ಹಬ್ಬ. ಎರಡು ತಿಂಗಳು ಊಟದ ಮೇಜಿನ ಮೇಲೆ ನಾಲ್ಕು ನೋಟ್‌ಬುಕ್ ಹರಡಿಕೊಂಡು, ಇಲ್ಲದ ಸಮುದ್ರಗಳಿಗೆ ಬಂದರು ಕಟ್ಟಿದರು, ಹುಟ್ಟದ ರಾಜರಿಗೆ ಪಟ್ಟ ಕಟ್ಟಿದರು. ‘ಮೂವತ್ತು ವರ್ಷ ಇರೋ ನದಿಗಳನ್ನ ಹೇಳಿಕೊಟ್ಟು ಬೇಜಾರಾಗಿತ್ತು ಕಣೋ’ ಎಂದು ನಗುತ್ತಿದ್ದರು.

ಲೇಖನದ ಕೊನೆಯಲ್ಲಿ ಕೃತಜ್ಞತೆಯ ಸಾಲಿನಲ್ಲಿ ಅಕ್ಕನ ಹೆಸರು ಅಚ್ಚಾಗಿತ್ತು. ಆ ಪುಟವನ್ನು ಅಕ್ಕ ತಾವು ಮಲಗುವ ಕೋಣೆಯ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡರು. ಮನೆಗೆ ಯಾರು ಬಂದರೂ, ಗ್ಯಾಸ್ ಸಿಲಿಂಡರ್ ತಂದವರಿಗೂ ಕೂಡ, ಆ ಗಾಜು ಒರೆಸುವ ನೆಪದಲ್ಲಿ ತೋರಿಸುತ್ತಿದ್ದರು.

ಇಷ್ಟೆಲ್ಲ ಚೆನ್ನಾಗಿದ್ದಾಗ ಒಂದು ಶನಿವಾರ ಬೆಳಿಗ್ಗೆ ಪೆನ್ಸಿಲ್ ಎಂಬಾಕೆಯ ಪತ್ರ ಬಂತು.

ಪೆನ್ಸಿಲ್ ಎಂದರೆ ಮೂರು ವರ್ಷದ ಹಿಂದೆ ಇದೇ ಲ್ಯಾಬಿನಲ್ಲಿ ಅಂಕಿಅಂಶದ ಕೆಲಸಕ್ಕಿದ್ದ ಹುಡುಗಿ. ಏನು ಬರೆದರೂ ಪೆನ್ಸಿಲ್‌ನಲ್ಲೇ ಬರೆಯುತ್ತಿದ್ದಳು, ತಪ್ಪಾದರೆ ಅಳಿಸಬಹುದಲ್ಲ ಅಂತ. ಇಲ್ಲಿ ಇದ್ದದ್ದು ಆರೇ ತಿಂಗಳು. ಈಗ ಬೇರೆ ಲ್ಯಾಬಿನಲ್ಲಿದ್ದಳು. ಪತ್ರ ಬಹಳ ಮರ್ಯಾದೆಯದು. ‘ಸರ್, ನಿಮ್ಮ ಮುಳ್ಳನ್ನು ನಾವು ಪುನಃ ಪರೀಕ್ಷಿಸಿದೆವು. ನಿಮ್ಮ ಪ್ರಶ್ನೆಗಳನ್ನು ನಿಮ್ಮ ಅಕ್ಕನವರ ಧಾಟಿಯಲ್ಲಿ ತಿರುಗಿಸಿ ಬರೆದೆವು, ಅವರ ಪ್ರಶ್ನೆಗಳನ್ನು ನಿಮ್ಮ ಧಾಟಿಯಲ್ಲಿ. ಫಲಿತಾಂಶ ಜೊತೆಗಿದೆ. ಬೇರೆಯವರಿಗೆ ಕಳಿಸುವ ಮೊದಲು ನೀವು ನೋಡಬೇಕು ಅನ್ನಿಸಿತು.’

ಸರ್ ಮೊದಲು ನಕ್ಕರು. ಆಮೇಲೆ, ಲ್ಯಾಬಿನ ಪದ್ಧತಿಯಂತೆ, ಪರೀಕ್ಷೆಗೆ ಮುಂಚೆ ಏನಾಗುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿದರು: ‘ಧಾಟಿ ಬದಲಾದರೂ ಮುಳ್ಳು ಬದಲಾಗದು.’ ಕಾಗದವನ್ನು ಬೋರ್ಡಿಗೆ ಚುಚ್ಚಿ ಕಂಪ್ಯೂಟರಿನ ಮುಂದೆ ಕೂತರು. ರಜೆಯ ದಿನ, ಲ್ಯಾಬಿನಲ್ಲಿ ನೆಲ ಒರೆಸುವಾಕೆ ಬಿಟ್ಟರೆ ಯಾರೂ ಇರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಮೊದಲ ಫಲಿತಾಂಶ ಬಂತು. ಮುಳ್ಳು ವಾಲಿದ್ದು ಗೊತ್ತಿಲ್ಲದ ಪ್ರಶ್ನೆಗಳ ಕಡೆಗಲ್ಲ, ಅಕ್ಕನ ಧಾಟಿಯ ಕಡೆಗೆ. ಯಂತ್ರಕ್ಕೆ ಚೆನ್ನಾಗಿ ಗೊತ್ತಿರುವ ವಿಷಯವನ್ನೇ ಅಕ್ಕನ ಹಾಗೆ ಕೇಳಿದರೂ ಮುಳ್ಳು ‘ಗೊತ್ತಿಲ್ಲ’ದ ಕಡೆ ಹೋಯಿತು. ಇಲ್ಲದ ನದಿಯನ್ನು ಸರ್ ಅವರ ಹಾಗೆ ಗದರಿಸಿ ಕೇಳಿದರೆ ‘ಗೊತ್ತಿದೆ’ಯ ಕಡೆ ಬಂದು ನಿಂತಿತು. ಎಲ್ಲ ಪ್ರಶ್ನೆಗಳನ್ನೂ ಒಂದೇ ಧಾಟಿಯಲ್ಲಿ ಕೇಳಿದಾಗ ನೂರಕ್ಕೆ ಐವತ್ತಮೂರು ಸರಿ. ಕಾಸು ಚಿಮ್ಮಿದರೂ ಐವತ್ತು ಬರುತ್ತದೆ. ಸರ್ ಮೂರು ಸಲ ಮಾಡಿದರು. ಮೂರು ಸಲವೂ ಅದೇ.

ಅಕ್ಕನ ಧಾಟಿ ಏನೆಂದು ಹೇಳಬೇಕು. ಅಕ್ಕನ ಪ್ರತಿ ಪ್ರಶ್ನೆಯೂ ಹೀಗೆ ಶುರುವಾಗುತ್ತಿತ್ತು: ‘ಗೊತ್ತಿದ್ದರೆ ಹೇಳು, ಗೊತ್ತಿಲ್ಲದಿದ್ದರೂ ಪರವಾಗಿಲ್ಲ.’ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿ ಏಟಿಗೆ ಹೆದರಿ, ಬಾಯಿಗೆ ಬಂದ ಒಂದು ನದಿಯ ಹೆಸರು ಹೇಳಿ, ತರಗತಿಯೆಲ್ಲ ನಕ್ಕು, ಮಾರನೆಯ ದಿನದಿಂದ ಶಾಲೆಗೇ ಬರಲಿಲ್ಲವಂತೆ. ಆವತ್ತಿನಿಂದ ಅಕ್ಕ ಆ ಮಾತು ಸೇರಿಸದೆ ಯಾರಿಗೂ ಪ್ರಶ್ನೆ ಕೇಳಿದವರಲ್ಲ, ತರಕಾರಿಯವನಿಗೆ ಕೂಡ. ತಮ್ಮನ ಧಾಟಿ ಇನ್‌ಸ್ಪೆಕ್ಟರರದು: ‘ಹೇಳು. ಯಾವುದು? ಎಷ್ಟು?’ ಯಂತ್ರದ ಒಳಗಿನ ಅಳುಕು ಎಂದು ಸರ್ ಲೋಕಕ್ಕೆಲ್ಲ ಸಾರಿದ್ದು ಅಕ್ಕನ ಸೌಜನ್ಯದ ಸುಳಿವನ್ನು. ಅಷ್ಟೂ ಪ್ರಶ್ನೆಗಳನ್ನು ಅವರು ತಾವೇ ಓದಿದ್ದರು, ಭೂತಗನ್ನಡಿ ಇಟ್ಟು ಓದಿದ್ದರು ಎಂದರೂ ತಪ್ಪಿಲ್ಲ. ದೀಪದ ಬುಡದಲ್ಲೇ ಕತ್ತಲು.

ಎಂಟುನೂರು ಪ್ರಶ್ನೆಗಳಲ್ಲಿ ಒಮ್ಮೆಯೂ ತಟ್ಟೆ ಬದಲಿಸಿರಲಿಲ್ಲ. ಗೊತ್ತಿರುವುದನ್ನು ಅಕ್ಕನ ಕೈಲಿ ಬರೆಸಿ, ಗೊತ್ತಿಲ್ಲದ್ದನ್ನು ತಾವೇ ಬರೆದಿದ್ದರೆ ಒಂದು ವಾರದಲ್ಲಿ ಗುಟ್ಟು ರಟ್ಟಾಗುತ್ತಿತ್ತು. ಬೀದಿಬದಿಯ ಸೊಪ್ಪಿನ ಅಂಗಡಿಯ ತಕ್ಕಡಿಯನ್ನೂ ಬಿಡದ ಮನುಷ್ಯ ತಮ್ಮದೇ ತಕ್ಕಡಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದರು.

ಇದಕ್ಕಿಂತ ದೊಡ್ಡ ಮುಳ್ಳು ಗಂಟಲಲ್ಲಿ ಇನ್ನೊಂದಿತ್ತು. ಪೆನ್ಸಿಲ್ ಈ ಮಾತನ್ನು ಮೂರು ವರ್ಷದ ಹಿಂದೆಯೇ ಹೇಳಿದ್ದಳು. ಲೇಖನ ಕಳಿಸುವ ಹಿಂದಿನ ವಾರ, ಚಹಾದ ಕೋಣೆಯಲ್ಲಿ ಹತ್ತು ಜನರ ಎದುರು, ಒಂದು ಹಳದಿ ಚೀಟಿ ಕೊಟ್ಟಿದ್ದಳು. ಚೀಟಿಯಲ್ಲಿ ಪೆನ್ಸಿಲ್ಲಿನ ಒಂದೇ ಸಾಲು: ‘ತಟ್ಟೆ ಬದಲಿಸಿ ನೋಡೋಣವೇ ಸರ್?’ ಅವರದೇ ಪಾಠ, ಅವರದೇ ಮಾತು. ಸರ್ ಅದನ್ನು ಗಟ್ಟಿಯಾಗಿ ಓದಿ, ‘ಹನ್ನೆರಡು ವರ್ಷ ತಕ್ಕಡಿ ಹಿಡಿದೋನು ಕಣಮ್ಮ ನಾನು. ನನಗೇ ತೂಗೋದು ಹೇಳಿಕೊಡೋಕೆ ಬಂದಿದೀಯ? ಮೊದಲು ಪೆನ್ನಲ್ಲಿ ಬರೆಯೋದು ಕಲಿ’ ಎಂದಿದ್ದರು. ಎಲ್ಲರೂ ಗೊಳ್ಳೆಂದು ನಕ್ಕಿದ್ದರು. ನಾಲ್ಕು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಒಳ್ಳೆಯ ಕಡೆ ಸಿಕ್ಕಿರಬೇಕು ಎಂದು ಸರ್ ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಚೀಟಿ ಎಲ್ಲಿ ಹೋಯಿತೋ ನೆನಪಿರಲಿಲ್ಲ.

ಆ ಶನಿವಾರ ಬೋರ್ಡಿನಿಂದ ತಮ್ಮ ಸಹಿಯ ಕಾಗದ ಕಿತ್ತು ಜೇಬಿಗೆ ಹಾಕಿಕೊಳ್ಳುವಾಗ, ನೆಲ ಒರೆಸುವಾಕೆ ‘ಏನು ಸರ್, ಮೈ ಹುಷಾರಿಲ್ವಾ?’ ಎಂದು ಕೇಳಿದಳು. ಅವಳ ಮುಖ ನೋಡಲೂ ಅವರಿಗೆ ನಾಚಿಕೆಯಾಯಿತು. ಅವಳಿಗೆ ಏನೂ ಗೊತ್ತಿರಲಿಲ್ಲ, ಆದರೂ ನಾಚಿಕೆಯಾಯಿತು.

ಮುಂದಿನ ಶುಕ್ರವಾರವೇ ಲ್ಯಾಬಿನ ವಾರ್ಷಿಕ ಸಭೆ. ಹೊರಗಿನವರು, ಮನೆಯವರು ಎಲ್ಲ ಬರುವ ಸಭೆ. ‘ಮುಳ್ಳು: ಮೂರು ವರ್ಷದ ಸಾಧನೆ’ ಎಂದು ಸರ್ ಅವರ ಭಾಷಣ ತಿಂಗಳ ಮುಂಚೆಯೇ ನಿಗದಿಯಾಗಿತ್ತು. ಅದಕ್ಕೆಂದೇ ಅಕ್ಕ ಹೊಸ ಕನ್ನಡಕ ಮಾಡಿಸಿಕೊಂಡಿದ್ದರು.

ಸೋಮವಾರ ದೊಡ್ಡ ಮೇಡಂ ಎಲ್ಲ ಕೇಳಿ ಹೇಳಿದರು: ‘ಸಿದ್ಧಾಂತ ಬೀಳೋದು ಅವಮಾನ ಅಲ್ಲ ಸರ್. ಬಿದ್ದಿದೆ ಅಂತ ಹೇಳದಿದ್ರೆ ಅವಮಾನ. ಸಭೆಯ ಪುಸ್ತಕಕ್ಕೆ ಒಂದು ತಿದ್ದುಪಡಿ ಬರೆದುಕೊಡಿ, ಬುಧವಾರ ಬೆಳಿಗ್ಗೆ ಅಚ್ಚಿಗೆ ಹೋಗುತ್ತೆ. ಎಲ್ಲಿ ತಪ್ಪಾಯ್ತು ಅನ್ನೋದು ಸ್ಪಷ್ಟವಾಗಿರಲಿ.’

ಎಲ್ಲಿ ತಪ್ಪಾಯಿತು ಎನ್ನುವ ಜಾಗಕ್ಕೆ ಬಂದಾಗ ಸರ್ ಅವರ ಕೈ ನಿಂತುಬಿಟ್ಟಿತು. ಮಂಗಳವಾರವೆಲ್ಲ ಬರೆದರು, ಹೊಡೆದುಹಾಕಿದರು. ‘ನಾನು ಅದಲುಬದಲು ಮಾಡಿ ಪರೀಕ್ಷಿಸಲಿಲ್ಲ’ ಎಂದು ಬರೆದರೆ ಹನ್ನೆರಡು ವರ್ಷ ಕಣ್ಣ ಮುಂದೆ ಬಂದು ನಿಂತು ಹಲ್ಲು ಕಿರಿಯುತ್ತಿತ್ತು. ‘ನನಗೆ ಮೊದಲೇ ಹೇಳಿದ್ದರು’ ಎಂದು ಬರೆಯಲು ಪೆನ್ನೇ ಓಡಲಿಲ್ಲ. ಸಂಜೆಯ ಹೊತ್ತಿಗೆ ಒಂದು ವಾಕ್ಯ ತಾನಾಗಿ ಬಂದು ಕೂತಿತು. ‘ಅರ್ಧದಷ್ಟು ಪ್ರಶ್ನೆಗಳನ್ನು ಬರೆದುಕೊಟ್ಟ, ವಿಜ್ಞಾನದ ಪರಿಚಯವಿಲ್ಲದ ಸಹಾಯಕರ ಶೈಲಿಯಲ್ಲಿನ ದೋಷದಿಂದಾಗಿ ಫಲಿತಾಂಶ ಕೆಟ್ಟಿತು.’ ಓದಲು ಎಷ್ಟು ನುಣುಪಾಗಿತ್ತು! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವರು ನೆಲ ಗುಡಿಸಿಕೊಟ್ಟವರನ್ನೇ ಡೊಂಕು ಎಂದರು. ಅಕ್ಕನ ಹೆಸರು ಹಾಕಿಲ್ಲವಲ್ಲ ಎಂಬುದೇ ಅವರ ಸಮಾಧಾನ. ಹಳೆಯ ಲೇಖನದಲ್ಲಿ ಆ ಸಹಾಯಕರ ಹೆಸರು ಅಚ್ಚಾಗಿಯೇ ಇತ್ತು ಎನ್ನುವುದನ್ನು ಮನಸ್ಸು ಜಾಣತನದಿಂದ ಪಕ್ಕಕ್ಕೆ ತಳ್ಳಿತು.

ಅವರು ಏನು ಬರೆದರೂ ಒಂದು ಪ್ರತಿ ಊಟದ ಮೇಜಿನ ಮೇಲೆ ಇಡುವುದು, ಅಕ್ಕ ಕೆಂಪು ಪೆನ್ನಿನಲ್ಲಿ ತಪ್ಪು ತಿದ್ದುವುದು ವರ್ಷಗಳ ರೂಢಿ. ಆ ಸಂಜೆ ಕಾಗದ ಇಡಬಾರದಿತ್ತು. ಕೈಗೆ ಅಭ್ಯಾಸ, ಚೀಲದಿಂದ ತೆಗೆದು ಇಟ್ಟುಬಿಟ್ಟರು, ಸ್ನಾನಕ್ಕೆ ಹೋದರು. ನೀರು ಮೈಮೇಲೆ ಬಿದ್ದಾಗ ನೆನಪಾಯಿತು. ಟವೆಲ್ ಸುತ್ತಿಕೊಂಡು ಓಡಿ ಬಂದರು.

ಕಾಗದ ಮೇಜಿನ ಮೇಲೆ ಅಲ್ಲೇ ಇತ್ತು, ಪಕ್ಕದಲ್ಲಿ ಚಹಾದ ಲೋಟ, ಮೇಲೆ ತಟ್ಟೆ ಮುಚ್ಚಿತ್ತು. ಎರಡು ಕಡೆ ಕೆಂಪು ಗುರುತು.

‘ಎಲ್ಲ ಸರಿಯಾಗಿದೆ’ ಎಂದರು ಅಕ್ಕ ಒಲೆಯ ಕಡೆ ಮುಖ ಮಾಡಿಕೊಂಡೇ. ‘ಎರಡು ಕಡೆ ನೀನು ಕಾಮಾ ಬಿಟ್ಟಿದ್ದೆ. ಹಾಕಿದೀನಿ.’

‘ಅಕ್ಕಾ, ಅದು... ಹಾಗಲ್ಲ, ಸುಮ್ನೆ ಅವರ ಭಾಷೆಯಲ್ಲಿ...’

‘ತಲೆ ಒರೆಸ್ಕೋ, ನೀರು ಸೋರ್ತಿದೆ. ನನಗೆ ವಿಜ್ಞಾನ ಗೊತ್ತಿಲ್ಲ ಅನ್ನೋದು ನಿಜಾನೇ ತಾನೇ. ನನ್ನಿಂದ ನಿನ್ನ ಕೆಲಸ ಕೆಟ್ಟಿತಲ್ಲ ಅಂತ ಬೇಜಾರು, ಅಷ್ಟೇ.’ ಒಲೆಯ ಉರಿ ಸಣ್ಣ ಮಾಡಿ ಹೇಳಿದರು: ‘ಶುಕ್ರವಾರ ನಾನು ಬರೋಲ್ಲ ಕಣೋ. ಮಂಡಿ ನೋವು.’

ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು. ತಮ್ಮನ್ನೇ ದೂರಿದ ವಾಕ್ಯಕ್ಕೆ ಕಾಮಾ ಹಾಕಿ ಚೊಕ್ಕ ಮಾಡಿಕೊಟ್ಟ ಆ ಕೈಯನ್ನು ನೋಡಿ ಸರ್ ಅವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಬೇಳೆ ವ್ಯಾಪಾರಿಯ ತಮ್ಮ ತಲೆ ತಗ್ಗಿಸಿ ನಿಂತದ್ದು ನೆನಪಾಯಿತು. ಇಷ್ಟಾದರೂ ಆಡಬೇಕಾದ ಒಂದು ಮಾತು ಬಾಯಿಂದ ಬರಲಿಲ್ಲ. ಚಹಾ ಕುಡಿದರು. ಬೆಳಿಗ್ಗೆ ಅಕ್ಕ ನೀರು ತುಂಬಿಸುತ್ತಿದ್ದಾಗ ಅವರ ಕೋಣೆಗೆ ಇಣುಕಿ ನೋಡಿದರು. ಗಾಜಿನ ಕೆಳಗೆ ಪುಟ ಇದ್ದ ಜಾಗ ಖಾಲಿ. ಮಂಚದ ಮೇಲೆ ಆ ನಾಲ್ಕು ಹಳೆಯ ನೋಟ್‌ಬುಕ್‌ಗಳು. ತಮ್ಮಿಂದ ಏನು ತಪ್ಪಾಯಿತೆಂದು ಅಕ್ಕ ರಾತ್ರಿಯೆಲ್ಲ ಹುಡುಕಿದ್ದರೋ ಏನೋ.

ಲ್ಯಾಬಿಗೆ ಹೋಗುವ ದಾರಿಯಲ್ಲೇ ತಿದ್ದುಪಡಿ ವಾಪಸ್ ತೆಗೆದುಕೊಳ್ಳುವುದೆಂದು ನಿಶ್ಚಯ ಮಾಡಿದರು. ಆದರೆ ಮಂಗಳವಾರ ಸಂಜೆಯೇ ಅವರು ಮೇಡಂಗೆ ಕಳಿಸಿಯಾಗಿತ್ತು, ಮೇಡಂ ರಾತ್ರಿಯೇ ಅಚ್ಚಿನವನಿಗೆ ಕಳಿಸಿಯಾಗಿತ್ತು. ಅಚ್ಚಿನವನ ಅಂಗಡಿಗೇ ಓಡಿದರು. ಮುನ್ನೂರು ಪ್ರತಿ ಬಿಸಿಬಿಸಿಯಾಗಿ ಕಟ್ಟು ಕಟ್ಟಿ ಕೂತಿದ್ದವು. ‘ತಡ ಮಾಡಬೇಡಿ ಅಂದಿದ್ರಲ್ಲ, ಮಾಡಿಬಿಟ್ಟೆ’ ಎಂದ ಅಚ್ಚಿನವನು ಹೆಮ್ಮೆಯಿಂದ. ಒಂದು ಪ್ರತಿ ಬಿಡಿಸಿ ಹನ್ನೊಂದನೆಯ ಪುಟ ನೋಡಿದರು. ಅಕ್ಕನ ಕಾಮಾಗಳಿಲ್ಲದೆ ಆ ವಾಕ್ಯ ಇನ್ನೂ ಅಸಹ್ಯವಾಗಿ ಕಂಡಿತು.

ಇನ್ನು ಉಳಿದದ್ದು ಬಾಯಿ ಒಂದೇ. ಮುನ್ನೂರು ಜನರ ಕೈಯಲ್ಲಿ ಆ ಪುಟ ಇರುವಾಗ, ವೇದಿಕೆಯಿಂದ ಅದು ಸುಳ್ಳೆಂದು ಹೇಳಬೇಕು. ಹೇಳದಿದ್ದರೆ ಅಕ್ಕನ ಹೆಸರಿಗೆ ಅದು ಶಾಶ್ವತವಾಗಿ ಅಂಟಿಕೊಳ್ಳುತ್ತದೆ. ಗುರುವಾರವೆಲ್ಲ ಅವರು ಹೊಸ ಪರೀಕ್ಷೆಗಳನ್ನು ಮಾಡಿದರು, ಏನು ನಿಲ್ಲುತ್ತದೆ ಏನು ಬೀಳುತ್ತದೆ ಎಂದು ಒಂದೊಂದನ್ನೇ ಮುಟ್ಟಿ ನೋಡಿದರು. ಅಕ್ಕ ಎಂದಿನಂತೆ ಬಡಿಸಿದರು, ಎಂದಿನಂತೆ ಮಾತಾಡಿಸಿದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಶುಕ್ರವಾರ ಹನ್ನೊಂದು ಗಂಟೆಗೆ ಸರ್ ವೇದಿಕೆ ಹತ್ತಿದರು. ಸಭಾಂಗಣ ತುಂಬಿತ್ತು. ಮೂರನೆಯ ಸಾಲಿನಲ್ಲಿ ಪೆನ್ಸಿಲ್ ಕೂತಿದ್ದಳು. ದೊಡ್ಡ ಮೇಡಂ ಕರೆಸಿದ್ದರಂತೆ. ಮಡಿಲ ಮೇಲೆ ಪುಸ್ತಕ, ಕಿವಿಯ ಹಿಂದೆ ಪೆನ್ಸಿಲ್.

‘ನನ್ನ ಸಿದ್ಧಾಂತ ಬಿದ್ದುಹೋಗಿದೆ’ ಎಂದು ಶುರು ಮಾಡಿದರು. ಪರೀಕ್ಷೆ ಹೇಗಾಯಿತು, ಅಂಕಿ ಹೇಗೆ ತಿರುಗಿತು ಎಂದು ಪರದೆಯ ಮೇಲೆ ತೋರಿಸಿದರು. ಆಮೇಲೆ ಕೈಯಲ್ಲಿದ್ದ ಪುಸ್ತಕವನ್ನು ಎತ್ತಿ ಹಿಡಿದರು. ‘ಹನ್ನೊಂದನೇ ಪುಟದಲ್ಲಿ ನಾನು ಒಂದು ಸುಳ್ಳು ಬರೆದಿದೀನಿ. ಪ್ರಶ್ನೆ ಬರೆದವರ ದೋಷ ಅಂತ. ಅವರು ನನ್ನ ಅಕ್ಕ. ನಾನು ಏನು ಕೇಳಿದ್ನೋ ಅದನ್ನ ಅಚ್ಚುಕಟ್ಟಾಗಿ ಬರೆದುಕೊಟ್ಟರು. ದೋಷ ನನ್ನದು. ನಾನು ತಟ್ಟೆ ಬದಲಿಸಲಿಲ್ಲ. ಅಂಗಡಿಯವರನ್ನ ಯಾವುದಕ್ಕೆ ಹಿಡಿದು ದಂಡ ಹಾಕಿಸ್ತಿದ್ದೆನೋ ಅದನ್ನೇ ಮಾಡಿದೀನಿ. ದಯವಿಟ್ಟು ಆ ವಾಕ್ಯ ಹೊಡೆದುಹಾಕಿ.’

ಸಭೆಯಲ್ಲಿ ಪುಟ ತಿರುಗಿಸುವ ಸದ್ದು. ಯಾರೋ ಒಬ್ಬರು ನಿಜಕ್ಕೂ ಪೆನ್ನು ತೆಗೆದು ಗೆರೆ ಎಳೆದರು.

‘ಹಾಗಾದರೆ ಏನು ಉಳಿಯಿತು?’ ಎಂದು ಮುಂದಿನ ಸಾಲಿನ ಒಬ್ಬ ಹಿರಿಯರು ಕೇಳಿದರು.

‘ಸ್ವಲ್ಪ ಉಳಿದಿದೆ’ ಎಂದರು ಸರ್. ‘ಯಂತ್ರಕ್ಕೆ ತನ್ನ ಅಜ್ಞಾನ ಒಳಗೇ ಗೊತ್ತಿರುತ್ತೆ ಅಂದಿದ್ದೆ. ಅದು ತಪ್ಪು, ಇಲ್ಲ ಅಂದ್ರೆ ನಾನು ತೋರಿಸಿದ ಮುಳ್ಳು ಅದಲ್ಲ. ವ್ಯಕ್ತಿಗಳ ಹೆಸರಿನ ಪ್ರಶ್ನೆಗಳಲ್ಲಿ ಮಾತ್ರ ಧಾಟಿ ತೆಗೆದುಹಾಕಿದ ಮೇಲೂ ನೂರಕ್ಕೆ ಅರವತ್ತನಾಲ್ಕು ನಿಲ್ಲುತ್ತೆ. ಅದೂ ನಿಲ್ಲುತ್ತಾ ಅಂತ ಇನ್ನೂ ನೋಡ್ಬೇಕು. ಇನ್ನೊಂದು ಹೊಸ ವಿಷಯ ಸಿಕ್ಕಿದೆ. ಗೊತ್ತಿಲ್ಲದಿದ್ರೂ ಪರವಾಗಿಲ್ಲ ಅಂತ ಕೇಳಿದಾಗ ಯಂತ್ರ ಗೊತ್ತಿಲ್ಲ ಅಂತ ಹೆಚ್ಚು ಸಲ ಒಪ್ಪಿಕೊಳ್ಳುತ್ತೆ, ಗೊತ್ತಿರೋದಕ್ಕೂ ಕೆಲವು ಸಲ ಹಾಗೇ ಅನ್ನುತ್ತೆ. ಗದರಿಸಿದ್ರೆ ಕಟ್ಟಿ ಹೇಳುತ್ತೆ. ಹಾಗಾಗಿ ಇನ್ಮುಂದೆ ನನ್ನ ಸಿದ್ಧಾಂತದಲ್ಲಿ ಕೇಳೋನೂ ಸೇರಬೇಕು. ತೂಗೋ ಕೈಯನ್ನ ಬಿಟ್ಟು ತಕ್ಕಡಿ ಲೆಕ್ಕ ಹಾಕೋಕಾಗಲ್ಲ.’

ಹಿರಿಯರು ತಲೆಯಾಡಿಸಿದರು. ಹಗುರಾಯಿತು ಎಂದುಕೊಂಡ ಸರ್ ಕೊನೆಯ ಮಾತಿಗೆ ಬಂದರು. ‘ಈ ಸಲಹೆ ಮೂರು ವರ್ಷದ ಹಿಂದೆಯೇ ಇದೇ ಲ್ಯಾಬಿನಲ್ಲಿ ಬಂದಿತ್ತು. ಆಗ ಅದನ್ನ ಕೈಗೆತ್ತಿಕೊಳ್ಳೋಕೆ ಆಗಲಿಲ್ಲ. ಅದಕ್ಕೆ ವಿಷಾದವಿದೆ.’ ಪೆನ್ಸಿಲ್ ಕೂತಿದ್ದ ಸಾಲನ್ನು ಮಾತ್ರ ಬಿಟ್ಟು ಸಭೆಯನ್ನೆಲ್ಲ ನೋಡುತ್ತ ಈ ಮಾತು ಹೇಳಿದರು. ಸಲಹೆ ಬಂದಿತ್ತಂತೆ! ಕಿಟಕಿಯಿಂದ ಹಾರಿ ಬಂದಿತ್ತು ಎನ್ನುವ ಹಾಗೆ.

‘ಪ್ರಶ್ನೆಗಳಿದ್ದರೆ ಕೇಳಿ’ ಎಂದರು ದೊಡ್ಡ ಮೇಡಂ.

ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಿಂದ, ಹೊಸ ಕನ್ನಡಕದ ಹೆಂಗಸೊಬ್ಬರು ಮಂಡಿ ಹಿಡಿದುಕೊಂಡು ಎದ್ದರು. ಸರ್ ಕಣ್ಣು ಕಿರಿದು ಮಾಡಿ ನೋಡಿದರು, ಅಕ್ಕ. ಯಾವಾಗ ಬಂದರೋ, ಎಷ್ಟು ಕೇಳಿಸಿಕೊಂಡರೋ! ಯಾರೋ ಅಕ್ಕನ ಕೈಗೆ ಮೈಕ್ ಕೊಟ್ಟರು. ಇನ್ನೊಂದು ಕೈಯಲ್ಲಿ ಒಂದು ಹಳದಿ ಚೀಟಿ ಇತ್ತು.

‘ಗೊತ್ತಿದ್ದರೆ ಹೇಳು’ ಎಂದರು ಅಕ್ಕ, ‘ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಈ ಚೀಟಿ ನನ್ನ ಮೂರನೇ ನೋಟ್‌ಬುಕ್ಕಿನಲ್ಲಿ ಗುರುತಿಗೆ ಇಟ್ಟಿದ್ದೆ ನೀನು. ತಟ್ಟೆ ಬದಲಿಸಿ ನೋಡೋಣವೇ ಅಂತ ಪೆನ್ಸಿಲ್‌ನಲ್ಲಿ ಬರೆದಿದೆ. ಬರೆದೋರು ಯಾರು? ಅವರಿಗೆ ನೀನು ಆಗ ಏನಂದೆ?’

ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಎದ್ದು ನಿಂತ ಮಗುವಿನ ಉತ್ತರಕ್ಕೆ ಕಾಯುವ ಅದೇ ಹಳೆಯ ತಾಳ್ಮೆ ಇತ್ತು. ಗೊತ್ತಿಲ್ಲ ಎಂದುಬಿಡಬಹುದಿತ್ತು. ಮರೆತಿದ್ದೇನೆ ಎಂದರೂ ಯಾರೂ ಅನುಮಾನ ಪಡುತ್ತಿರಲಿಲ್ಲ.

‘ಗೊತ್ತು’ ಎಂದರು ಸರ್. ಆಗ ಮೊದಲ ಸಲ ಮೂರನೆಯ ಸಾಲಿನ ಕಡೆ ತಿರುಗಿದರು. ‘ಇಲ್ಲೇ ಕೂತಿದಾರೆ. ನಾವು ಪೆನ್ಸಿಲ್ ಅಂತಿದ್ವಿ. ನಾನು ಆ ಚೀಟಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದೆ. ಹನ್ನೆರಡು ವರ್ಷ ತಕ್ಕಡಿ ಹಿಡಿದೋನಿಗೆ ತೂಗೋದು ಹೇಳಿಕೊಡೋಕೆ ಬಂದಿದೀಯ ಅಂದೆ. ಮೊದಲು ಪೆನ್ನಲ್ಲಿ ಬರೆಯೋದು ಕಲಿ ಅಂದೆ. ಎಲ್ಲರೂ ನಕ್ಕರು. ನಗಲಿ ಅಂತಲೇ ಅಂದಿದ್ದೆ.’ ಆ ಸಾಲಿನ ಕಡೆ ಕೈ ಮುಗಿದರು. ‘ತಪ್ಪಾಯ್ತು ಕಣಮ್ಮ. ಅವತ್ತೇ ಹೇಳಬೇಕಿತ್ತು. ತುಂಬಾ ದೊಡ್ಡ ತಪ್ಪಾಯ್ತು.’

ಮೂರು ವರ್ಷದ ಹಿಂದೆ ನಕ್ಕ ಹತ್ತು ಜನರಲ್ಲಿ ಆರೇಳು ಜನ ಅಲ್ಲೇ ಇದ್ದರು. ಯಾರೂ ತಲೆ ಎತ್ತಲಿಲ್ಲ.

ಪೆನ್ಸಿಲ್ ಕೂತಲ್ಲಿಂದಲೇ ಮೆಲ್ಲಗೆ ಹೇಳಿದಳು: ‘ಅವತ್ತು ನಾನೂ ನಕ್ಕಿದ್ದೆ ಸರ್. ಎಲ್ಲರೂ ನಗ್ತಿದ್ರಲ್ಲ, ನಗದಿದ್ರೆ ಚೆನ್ನಾಗಿರಲ್ಲ ಅಂತ. ಆಮೇಲೆ ಬಸ್ಸಲ್ಲಿ ನಗು ಬರಲಿಲ್ಲ.’

ಸರ್ ಜೇಬಿನ ಭೂತಗನ್ನಡಿಯನ್ನು ಹಿಡಿದುಕೊಂಡು, ಕಣ್ಣು ತುಂಬಿಕೊಂಡು, ವೇದಿಕೆಯ ಮೇಜಿನ ಹಿಂದೆ ನಿಂತಿದ್ದರು. ಇಳಿದು ಹೋಗಲು ಕಾಲು ಬರಲಿಲ್ಲ, ನಿಲ್ಲಲು ಮುಖವಿರಲಿಲ್ಲ. ದೊಡ್ಡ ಮೇಡಂ ಕೈಯಲ್ಲಿದ್ದ ಪಟ್ಟಿಯನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದರು.

ಅಕ್ಕ ಇನ್ನೂ ಕೂತಿರಲಿಲ್ಲ. ಮೂವತ್ತು ವರ್ಷ ತರಗತಿಯಲ್ಲಿ ನಿಂತವರಿಗೆ ಉತ್ತರ ಮುಗಿದದ್ದು ತಿಳಿಯುತ್ತದೆ. ಚೀಟಿಯನ್ನು ಮಡಿಸಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡು ಮೈಕನ್ನು ಬಾಯಿಗೆ ಹಿಡಿದರು.

‘ಸರಿಯಾದ ಉತ್ತರ’ ಎಂದರು. ‘ಇನ್ನು ಕೂತ್ಕೋ.’

ಐವತ್ತನಾಲ್ಕು ವರ್ಷದ ತಕ್ಕಡಿ ಸರ್ ಕೂತರು.